ಸರ್ಕಲ್ಲಿಗೆ ಹತ್ತು ಮಾರು ಮುಂಚೆ

ನನ್ನ ಬಲಗಾಲು ಎಡಗಾಲಿಗಿಂತ ಒಂದು ಅಂಗುಲ ಗಿಡ್ಡ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸದಾಗಿ ನೋಡಿದವರೆಲ್ಲ ಮೊದಲು ಕಾಲನ್ನೇ ನೋಡುತ್ತಾರೆ, ಆಮೇಲೆ ನೋಡಲೇ ಇಲ್ಲವೆಂಬಂತೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗುತ್ತಾರೆ. ಸ್ವಲ್ಪ ಸಲಿಗೆ ಇದ್ದವರು "ಚಿಕ್ಕಂದಿನಿಂದಾನಾ?" ಎಂದು ಕೇಳುತ್ತಾರೆ. ಚಿಕ್ಕಂದಿನಿಂದ ಅಲ್ಲ. ಇಪ್ಪತ್ತು ವರ್ಷದವರೆಗೆ ನನ್ನ ಎರಡು ಕಾಲೂ ಸಮವಾಗಿದ್ದವು. ವಠಾರದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿಯುತ್ತಿದ್ದೆ, ಅದಕ್ಕಾಗಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆ. ಎಪ್ಪತ್ತರ ದಶಕದ ನಡುವಿನ ಒಂದು ಬೆಳಿಗ್ಗೆ, ಚಾಮರಾಜಪೇಟೆಯಿಂದ ಗಾಂಧಿಬಜಾರಿಗೆ ಹೋಗುವ ದಾರಿಯ ಒಂದು ಸರ್ಕಲ್ಲಿನಲ್ಲಿ, ಎಡಕ್ಕೆ ತಿರುಗಿದ ಕಾರೊಂದು ಆ ಅಂಗುಲವನ್ನು ತೆಗೆದುಕೊಂಡು ಹೋಯಿತು.

ಕಾರೊಂದನ್ನೇ ದೂರಿದರೆ ಸುಳ್ಳಾಗುತ್ತದೆ. ಅದರಲ್ಲಿ ನನ್ನ ತಮ್ಮನ ಪಾಲಿದೆ, ನಮ್ಮಪ್ಪನ ಪಾಲಿದೆ, ಆ ಹೊತ್ತಿನಲ್ಲಿ ಅಲ್ಲಿರಬೇಕಾಗಿದ್ದು ಇಲ್ಲದೇ ಹೋದ ಒಬ್ಬ ಪೊಲೀಸಿನವನ ಪಾಲಿದೆ. ನನ್ನ ಪಾಲೂ ಇದೆ. ಕೊನೆಯದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಆಗ ನಮ್ಮೂರಿನಲ್ಲಿ ಸೈಕಲ್ಲಿನ ಮೇಲೆ ಇಬ್ಬರು ಕೂತು ಹೋಗುವುದು ಅಪರಾಧ. ಡಬಲ್ ರೈಡಿಂಗ್ ಎಂದು ಅದರ ಹೆಸರು. ಹಾಗಂತ ಯಾರೂ ಹೋಗುತ್ತಿರಲಿಲ್ಲ ಎಂದಲ್ಲ, ಎಲ್ಲರೂ ಹೋಗುತ್ತಿದ್ದರು. ಗಂಡ ಹೆಂಡತಿ, ಅಣ್ಣ ತಂಗಿ, ಶ್ರೀರಾಂಪುರದ ಕಡೆಯಿಂದ ಗಿರಣಿಗೆ ಹೋಗುವ ಕೆಲಸಗಾರರು, ಎಲ್ಲರಿಗೂ ಒಂದೇ ಸೈಕಲ್ಲು, ಹಿಂದೆ ಒಂದು ಕ್ಯಾರಿಯರ್. ಸಿಕ್ಕಿಬಿದ್ದರೆ ಪೊಲೀಸಿನವನು ಬಗ್ಗಿ ಚಕ್ರದ ವಾಲ್ವ್ ಬಿಚ್ಚಿ ಗಾಳಿ ಬಿಟ್ಟು ಕಳಿಸುತ್ತಿದ್ದ. ಅವನಿಗೆ ಬೆಳಗಿನ ಕಾಫಿ ಸರಿಯಾಗಿ ಸಿಕ್ಕಿರದಿದ್ದರೆ ಸೈಕಲ್ಲನ್ನು ಠಾಣೆಗೆ ತಳ್ಳಿಸಿಕೊಂಡು ಹೋಗುತ್ತಿದ್ದ.

ಹೀಗಾಗಿ ಊರಿನವರೆಲ್ಲ ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಸರ್ಕಲ್ಲು ಹತ್ತು ಮಾರು ದೂರವಿರುವಾಗ ತುಳಿಯುವವನು "ಇಳಿ" ಅನ್ನುತ್ತಿದ್ದ. ಹಿಂದೆ ಕೂತವರು ಸೈಕಲ್ಲು ನಿಧಾನವಾಗುತ್ತಿದ್ದಂತೆ ನೆಲಕ್ಕೆ ಕಾಲು ಕೊಟ್ಟು ಇಳಿದುಬಿಡುತ್ತಿದ್ದರು. ಸೈಕಲ್ಲಿನವನು ಒಬ್ಬನೇ, ಏನೂ ಅರಿಯದ ಸಾಧುವಿನಂತೆ, ಪೊಲೀಸಿನವನ ಮುಂದೆ ಹಾದುಹೋಗುತ್ತಿದ್ದ. ಇಳಿದವರು ಕಾಲ್ನಡಿಗೆಯಲ್ಲಿ ರಸ್ತೆ ದಾಟುತ್ತಿದ್ದರು. ಆಚೆ ದಡದಲ್ಲಿ ಒಂದು ಮರದ ಕೆಳಗೋ ಸೋಡಾ ಅಂಗಡಿಯ ಮುಂದೋ ಸೈಕಲ್ಲು ಕಾಯುತ್ತಿರುತ್ತಿತ್ತು. ಮತ್ತೆ ಹತ್ತಿ ಹೊರಟರೆ ಮುಂದಿನ ಸರ್ಕಲ್ಲಿನವರೆಗೆ ಚಿಂತೆಯಿಲ್ಲ. ಪೊಲೀಸಿನವನಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನ ಹೆಂಡತಿ ಮಕ್ಕಳೂ ಹಾಗೇ ಇಳಿದು ಹತ್ತುತ್ತಿದ್ದಿರಬೇಕು.

ನಾನು ಗಾಂಧಿಬಜಾರಿನ ಒಂದು ಮಹಡಿಯ ಮೇಲಿದ್ದ ಟೈಪಿಂಗ್ ತರಗತಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಏಳಕ್ಕೆ ತರಗತಿ. ನನಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮನಿಗೆ ಅದೇ ಹೊತ್ತಿಗೆ ಅದೇ ಕಡೆ ಲೆಕ್ಕದ ಪಾಠ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಮನೆಗೆ ಒಂದೇ ಸೈಕಲ್ಲು. ಬೆಳಿಗ್ಗೆ ಅದು ನಮ್ಮಿಬ್ಬರದು, ಹತ್ತು ಗಂಟೆಯ ನಂತರ ಅಪ್ಪನದು. ನಾನು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಶಾರ್ಟ್‌ಹ್ಯಾಂಡ್ ಪುಸ್ತಕವನ್ನು ಎದೆಗೊತ್ತಿಕೊಂಡು ಕ್ಯಾರಿಯರ್ ಮೇಲೆ ಪಕ್ಕಕ್ಕೆ ತಿರುಗಿ ಕೂರುತ್ತಿದ್ದೆ. ಸರ್ಕಲ್ಲು ಬರುತ್ತಿದ್ದಂತೆ ತಮ್ಮ ಹಿಂತಿರುಗಿ ನೋಡದೆ ಹೇಳುತ್ತಿದ್ದ: "ಇಳಿ. ದಾಟ್ಕೊಂಡು ಬಾ, ಮುಂದೆ ನಿಂತಿರ್ತೀನಿ." ದಿನವೂ ಅದೇ ಮಾತು, ಅದೇ ದನಿ. ದಾಟುವ ಕಷ್ಟವೆಲ್ಲ ನನ್ನದು, ನಿಂತಿರುವುದಷ್ಟೇ ಅವನದು ಎಂದು ನನಗೆ ಆಗ ಹೊಳೆದಿರಲಿಲ್ಲ. ಅವನನ್ನು ಎತ್ತಿ ಆಡಿಸಿದವಳು ನಾನು.

ಆ ಸರ್ಕಲ್ಲಿನ ನಡುವೆ ಒಂದು ಗುಂಡು ಕಟ್ಟೆ, ಅದರ ಮೇಲೆ ದೊಡ್ಡ ಛತ್ರಿ. ಛತ್ರಿಯ ಕೆಳಗೆ ನಿಲ್ಲುತ್ತಿದ್ದ ಪೊಲೀಸಿನವನು ದಪ್ಪ ಮೀಸೆಯ, ನಿದ್ದೆಗಣ್ಣಿನ ಮನುಷ್ಯ. ನಾನು ಇಳಿಯುವುದನ್ನು ಅವನು ದಿನವೂ ನೋಡುತ್ತಿದ್ದ. ನೋಡಿ, ಮೀಸೆಯೊಳಗೇ ನಕ್ಕು, ಎಡಗೈ ಚಾಚಿ ಗಾಡಿಗಳನ್ನು ತಡೆಯುತ್ತಿದ್ದ. ನಾನು ತಲೆ ತಗ್ಗಿಸಿ ದಾಟುತ್ತಿದ್ದೆ. ಯಾರಿಗೆ ಹೆದರಿ ನಾನು ಇಳಿಯುತ್ತಿದ್ದೆನೋ ಅವನ ಕೈ ನಂಬಿಯೇ ದಾಟುತ್ತಿದ್ದೆ. ಇದು ಎಂಥ ಎಡವಟ್ಟು ಏರ್ಪಾಡು ಎಂದು ಆಗ ಯಾರೂ ಯೋಚಿಸಲಿಲ್ಲ.

ತಿರುಗುವ ಗಾಡಿಗಳಿಗೂ ಆಗ ತಮ್ಮದೇ ರೀತಿ ರಿವಾಜುಗಳಿದ್ದವು. ಇನ್ನೂ ಅಲ್ಲೊಂದು ಇಲ್ಲೊಂದು ಓಡಾಡುತ್ತಿದ್ದ ಜಟಕಾ ಗಾಡಿಯವರು ಚಾವಟಿಯ ಕೋಲನ್ನು ಚಕ್ರದ ಕಡ್ಡಿಗಳಿಗೆ ತಾಗಿಸಿ ಟರಟರ ಸದ್ದು ಮಾಡಿ ತಿರುಗುತ್ತಿದ್ದರು. ಆಟೋದವರು ಎಡಗಾಲನ್ನು ಹೊರಗೆ ಚಾಚುತ್ತಿದ್ದರು. ಸೈಕಲ್ಲಿನವರು ಕೈ ತೋರಿಸುತ್ತಿದ್ದರು, ಕೈಯಲ್ಲಿ ಹಾಲಿನ ಕ್ಯಾನಿದ್ದರೆ ಕತ್ತು ತೋರಿಸುತ್ತಿದ್ದರು. ಕಾರಿನವರು ಮಾತ್ರ ಏನನ್ನೂ ತೋರಿಸುತ್ತಿರಲಿಲ್ಲ. ಊರಿನಲ್ಲಿ ಕಾರುಗಳು ಕಡಿಮೆ ಇದ್ದವು, ಬಂದರೆ ಜನ ತಾವಾಗಿ ಸರಿಯುತ್ತಿದ್ದರು. ಸರಿಯುತ್ತಾರೆ ಎಂಬುದು ಕಾರಿನವರಿಗೂ ರೂಢಿಯಾಗಿಬಿಟ್ಟಿತ್ತು.

ಆ ಬೆಳಿಗ್ಗೆ ಮಂಜು ಇರಲಿಲ್ಲ, ಮಳೆ ಇರಲಿಲ್ಲ. ಹೇಳಿಕೊಳ್ಳಲು ಅಂಥ ನೆಪವೂ ಇಲ್ಲ. ಬಿಸಿಲು ಆಗಷ್ಟೇ ಬಿದ್ದಿತ್ತು. ತಮ್ಮನಿಗೆ ಅಂದು ಲೆಕ್ಕದ ಪರೀಕ್ಷೆ, ಬಾಯಲ್ಲಿ ಏನೋ ಸೂತ್ರ ಗುಣುಗುಣು ಎನ್ನುತ್ತಿದ್ದ. ಸರ್ಕಲ್ಲು ಹತ್ತು ಮಾರು ದೂರವಿದ್ದಾಗ ಸೂತ್ರದ ನಡುವೆಯೇ ಹೇಳಿದ: "ಇಳಿ. ದಾಟ್ಕೊಂಡು ಬಾ, ಮುಂದೆ ನಿಂತಿರ್ತೀನಿ."

ನಾನು ಇಳಿದೆ. ಇಳಿದು ತಲೆ ಎತ್ತಿದರೆ ಛತ್ರಿಯ ಕೆಳಗೆ ಯಾರೂ ಇಲ್ಲ. ಕಟ್ಟೆ ಖಾಲಿ. ಎಲ್ಲಿಗೆ ಹೋಗಿದ್ದನೋ, ಕಾಫಿಗೋ, ಬೇರೆ ಕಡೆ ಹಾಕಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ನಗು ಬಂತು. ಇಲ್ಲದ ಪೊಲೀಸಿನವನಿಗೆ ಹೆದರಿ ಅಕ್ಕನನ್ನು ಇಳಿಸಿದೆಯಲ್ಲೋ ಪುಕ್ಕಲಾ ಎಂದು ಅವನನ್ನು ಕೂಗಿ ಛೇಡಿಸಬೇಕು ಅನ್ನಿಸಿತು. ಅಷ್ಟರಲ್ಲಿ ಅವನು ಆಚೆಗೆ ಹೋಗಿಬಿಟ್ಟಿದ್ದ. ಆಚೆ ಹೋಗಿ ಹೇಳೋಣ, ಸಂಜೆ ಅಮ್ಮನ ಮುಂದೆಯೂ ಹೇಳಿ ನಗೋಣ ಎಂದುಕೊಂಡು ಎಡಗಡೆಯ ಅಡ್ಡರಸ್ತೆಯ ಬಾಯನ್ನು ದಾಟಲು ಕಾಲಿಟ್ಟೆ. ಆ ಮಾತು ನಾಲಿಗೆಯ ತುದಿಯಲ್ಲಿತ್ತು.

ಕಾರು ನನ್ನ ಹಿಂದಿನಿಂದ ಬಂದು ಆ ಅಡ್ಡರಸ್ತೆಗೆ ತಿರುಗಿತು. ವೇಗವೇನೂ ಇರಲಿಲ್ಲವಂತೆ. ಬೂದು ಬಣ್ಣದ ಅಂಬಾಸಿಡರ್. ಅದು ನನ್ನನ್ನು ಎತ್ತಿ ಎಸೆಯಲಿಲ್ಲ, ಬಲಗಡೆಯಿಂದ ತಳ್ಳಿ ಕೆಡವಿತು, ಆಮೇಲೆ ಮುಂದಿನ ಚಕ್ರ ತೊಡೆಯ ಮೇಲೆ ಬಂದು ನಿಂತಿತು. ನಿಂತದ್ದೇ ತಪ್ಪಾಯಿತು, ಹಾದುಹೋಗಿದ್ದರೆ ವಾಸಿ ಇತ್ತು ಎಂದು ಆಮೇಲೆ ಡಾಕ್ಟರು ಹೇಳಿದರು.

ಬಿದ್ದಲ್ಲಿಂದ ನನಗೆ ಆಚೆಯ ಮರ ಕಾಣುತ್ತಿತ್ತು. ಮರದ ಕೆಳಗೆ ತಮ್ಮ. ಅವನು ನನ್ನನ್ನು ನೋಡುತ್ತಿದ್ದ, ನಾನು ಅವನನ್ನು ನೋಡುತ್ತಿದ್ದೆ. ಅವನು ಓಡಿ ಬರಲಿಲ್ಲ. ಮೊದಲು ಸೈಕಲ್ಲಿನ ಸ್ಟ್ಯಾಂಡ್ ಹಾಕಿದ. ಆಮೇಲೆ ಬಗ್ಗಿ ಬೀಗ ಹಾಕಿದ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ ಬಂದ. ಹದಿನೇಳು ವರ್ಷದ ಹುಡುಗ, ಹೆದರಿದ್ದ, ಕೈಕಾಲು ತನ್ನಷ್ಟಕ್ಕೆ ದಿನದ ಕೆಲಸ ಮಾಡಿದವು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡರೂ ಆ ಬೀಗದ ಕೈ ಮರೆತುಹೋಗಿಲ್ಲ.

ದೊಡ್ಡಾಸ್ಪತ್ರೆಗೆ ನನ್ನನ್ನು ಅದೇ ಕಾರಿನಲ್ಲಿ ಹಾಕಿಕೊಂಡು ಹೋದರು. ಕಾಲಿಗೆ ತೂಕ ಕಟ್ಟಿ ಮಂಚದ ಕೊನೆಯಲ್ಲಿ ಇಳಿಬಿಟ್ಟರು. ಮೂರನೆಯ ದಿನ ಕಾರಿನ ಡ್ರೈವರ್ ಮೂಸಂಬಿ ಹಣ್ಣು ತೆಗೆದುಕೊಂಡು ಬಂದ. ಯಾರದೋ ಮನೆಯ ಕಾರು, ಇವನು ಸಂಬಳದವನು, ನಲವತ್ತು ದಾಟಿದ ಮನುಷ್ಯ. ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಅಮ್ಮ ಅವನಿಗೆ ಮುಖ ಕೊಡದೆ ನೀರು ತರುವ ನೆಪದಲ್ಲಿ ಎದ್ದು ಹೋದಳು. ಅವನು ಮೆಲ್ಲಗೆ ಹೇಳಿದ: "ತಾಯಿ, ನಾನು ಬಲಗಡೆ ನೋಡ್ತಿದ್ದೆ. ಎಡಕ್ಕೆ ತಿರುಗೋವಾಗ ಬಲಗಡೆಯಿಂದ ಗಾಡಿ ಬರ್ತದೇನೋ ಅಂತ್ಲೇ ನೋಡೋದು ನಾವು. ನಮಗೆ ಗುದ್ದೋದು ಆ ಕಡೆಯಿಂದ ತಾನೇ ಬರೋದು. ಎಡಗಡೆ ಜನ ಇರ್ತಾರೆ ಅಂತ ನೋಡೋದೇ ಇಲ್ಲ. ಇಪ್ಪತ್ತು ವರ್ಷದಿಂದ ಹಿಂಗೇ ತಿರುಗಿಸ್ತಿದೀನಿ, ತಾಯಿ."

ನಾನು ಅವನನ್ನು ಕ್ಷಮಿಸಲಿಲ್ಲ. ಆದರೆ ಈ ಇಡೀ ವ್ಯವಹಾರದಲ್ಲಿ ನಿಜ ಹೇಳಿದವನು ಅವನೊಬ್ಬನೇ ಎಂಬುದನ್ನು ಇಲ್ಲಿ ಬರೆಯಲೇಬೇಕು. ತನಗೆ ಪೆಟ್ಟು ಕೊಡಬಲ್ಲದ್ದು ಯಾವ ಕಡೆಯಿಂದ ಬರುತ್ತದೋ ಆ ಕಡೆಗಷ್ಟೇ ಅವನ ಕಣ್ಣು. ತಾನು ಪೆಟ್ಟು ಕೊಡಬಹುದಾದ ಕಡೆಗೆ ಅವನು ನೋಡುತ್ತಿರಲಿಲ್ಲ.

ಅದರ ಮರುದಿನ ಬೆಳಿಗ್ಗೆ ಅಪ್ಪ ಫ್ಲಾಸ್ಕಿನಲ್ಲಿ ಕಾಫಿ ತಂದರು. ತಮ್ಮನೂ ಜೊತೆಗಿದ್ದ. ಅಪ್ಪ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ, ಆರಿಸಿ, ಕೈಗೆ ಕೊಟ್ಟು, ಅಮ್ಮ ಪಕ್ಕದ ಮಂಚದವರ ಜೊತೆ ಮಾತಾಡುತ್ತಿದ್ದಾಳೆಂದು ಖಚಿತ ಮಾಡಿಕೊಂಡು ಹೇಳಿದರು: "ಇವತ್ತು ಸ್ಟೇಷನ್ನಿಂದ ದಫೇದಾರರು ಬರ್ತಾರೆ. ಹೇಗಾಯ್ತು ಅಂತ ಬರ್ಕೋತಾರೆ. ಸೈಕಲ್ ವಿಷಯ ಎತ್ತಬೇಡ."

"ಯಾಕಪ್ಪಾ?"

"ಡಬಲ್ ರೈಡಿಂಗ್ ಅಂತ ಇವನ ಮೇಲೂ ಕೇಸ್ ಹಾಕ್ತಾರೆ. ನಾಳೆ ಕೆಲಸಕ್ಕೆ ಅರ್ಜಿ ಹಾಕಿದಾಗ ಪೊಲೀಸ್ ವೆರಿಫಿಕೇಶನ್ ಅಂತ ಬರುತ್ತೆ. ಒಂದು ಕೇಸ್ ಇದ್ರೆ ಮುಗೀತು, ಸರ್ಕಾರಿ ಕೆಲಸ ಅನ್ನೋದನ್ನ ಮರೆತುಬಿಡಬೇಕು. ನೀನು ನಡ್ಕೊಂಡು ಹೋಗ್ತಿದ್ದೆ ಅಂತ ಹೇಳು. ನೋಡದೆ ದಾಟಿದೆ ಅಂದ್ಬಿಡು. ಅಷ್ಟೇ."

ಇಪ್ಪತ್ತೈದು ವರ್ಷ ಕಡತಗಳ ನಡುವೆ ಬದುಕಿದ ಮನುಷ್ಯ ನಮ್ಮಪ್ಪ. ಕಾಗದದ ಮೇಲೆ ಬಿದ್ದದ್ದು ಅಳಿಸುವುದಿಲ್ಲ, ಬೀಳದೇ ಇದ್ದದ್ದು ನಡೆದೇ ಇಲ್ಲ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಸೈಕಲ್ಲಿನಲ್ಲಿ ಅಕ್ಕನನ್ನು ಕೂರಿಸಿಕೊಂಡು ಹೋದದ್ದಕ್ಕೆ ಯಾರ ಸರ್ಕಾರಿ ಕೆಲಸವೂ ತಪ್ಪಿದ್ದನ್ನು ನಾನು ಆಮೇಲೆ ಎಲ್ಲೂ ಕೇಳಲಿಲ್ಲ. ಅಂಥ ಗುಮಾನಿಯಾದರೂ ಅಪ್ಪನಿಗೆ ಬರಬಹುದಿತ್ತು. ಬರಲಿಲ್ಲ. ಒಂದು ಚಕ್ರದ ಗಾಳಿ ಹೋಗುವುದನ್ನು ತಪ್ಪಿಸಲು ನಾನು ರಸ್ತೆಗೆ ಇಳಿದಿದ್ದೆ, ಈಗ ಇಲ್ಲದ ಒಂದು ಕೇಸನ್ನು ತಪ್ಪಿಸಲು ಸುಳ್ಳಿಗೂ ಇಳಿಯಬೇಕಾಗಿತ್ತು.

ತಮ್ಮ ಮಂಚದ ಕಾಲ ಬಳಿ ನಿಂತಿದ್ದ. ಇಳಿಬಿಟ್ಟ ತೂಕವನ್ನೇ ನೋಡುತ್ತಿದ್ದ. "ಅಕ್ಕ" ಅಂದ, ಅಷ್ಟಕ್ಕೇ ಅತ್ತುಬಿಟ್ಟ. ಅವನು ಅತ್ತದ್ದು ನಿಜ, ನಾಟಕವಲ್ಲ. ಆ ಅಳುವನ್ನು ನೋಡಿಯೇ ನಾನು ಸರಿ ಅಂದದ್ದು.

ದಫೇದಾರರು ಮಧ್ಯಾಹ್ನ ಬಂದರು. ವಯಸ್ಸಾದವರು, ಕನ್ನಡಕದವರು. ಸ್ಟೂಲಿನ ಮೇಲೆ ಕೂತು ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು.

"ಒಬ್ಬರೇ ಹೋಗ್ತಿದ್ರಾ?"

"ಹೌದು."

"ಮನೆಯಿಂದ ಅಷ್ಟು ದೂರ ನಡ್ಕೊಂಡು?"

"ಹೌದು."

"ಕಾರು ತಿರುಗ್ತಿದ್ದದ್ದು ನೋಡಿದ್ರಾ?"

"ಇಲ್ಲ. ನಾನು ನೋಡ್ಲಿಲ್ಲ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಪಕ್ಕದಲ್ಲಿ ನಿಂತಿದ್ದ ಅಪ್ಪನನ್ನು ನೋಡಿದರು. ಅವರಿಗೆ ಏನೋ ವಾಸನೆ ಹೊಡೆದಿರಬೇಕು. ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಅವರಿಗೂ ಊಟದ ಹೊತ್ತಾಗಿತ್ತು. "ಗಾಡಿಗಳನ್ನು ಗಮನಿಸದೆ ಏಕಾಏಕಿ ರಸ್ತೆಗೆ ಬಂದಿರುತ್ತೇನೆ" ಎಂದು ನನ್ನ ಪರವಾಗಿ ದುಂಡಗೆ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡರು. ನಾನು ಏಕಾಏಕಿ ಬಂದವಳಲ್ಲ. ಆ ಜಾಗದಲ್ಲಿ ದಿನವೂ, ವರ್ಷದಿಂದ ದಾಟುತ್ತಿದ್ದವಳು. ಆದರೂ ಮಲಗಿದಲ್ಲಿಂದಲೇ ನನ್ನ ಹೆಸರನ್ನು ಪೂರ್ತಿಯಾಗಿ, ಅಂದವಾಗಿ ಬರೆದೆ.

ಡ್ರೈವರ್ ಕೇಸಿನಿಂದ ಬಿಡುಗಡೆಯಾದ. ನಾನೂ ಮೂರು ತಿಂಗಳಿಗೆ ಮನೆಗೆ ಬಂದೆ.

ಒಂದು ಸುಳ್ಳನ್ನು ಪೊಲೀಸಿನವರಿಗಷ್ಟೇ ಹೇಳಿ ಮನೆಯಲ್ಲಿ ನಿಜವನ್ನೇ ಇಟ್ಟುಕೊಳ್ಳಬಹುದು ಎಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಅಪ್ಪ ವಠಾರದವರಿಗೆ ಅದನ್ನೇ ಹೇಳಿದರು, ಯಾರ ಬಾಯಿಂದ ಎಲ್ಲಿಗೆ ಹೋಗುತ್ತದೋ ಎಂದು. ಅಮ್ಮ ನೆಂಟರಿಗೆ ಅದನ್ನೇ ಹೇಳಿದಳು, ಅಪ್ಪ ಹಾಗೆ ಹೇಳೆಂದರು ಅಂತ. ಒಂದೆರಡು ವರ್ಷ ಹೀಗೆ ಹೇಳಿದ ಮೇಲೆ ಅವರಿಗೇ ಅದು ನಡೆದದ್ದಾಗಿಬಿಟ್ಟಿತು. "ನೀನು ಸ್ವಲ್ಪ ನೋಡ್ಕೊಂಡು ದಾಟಿದ್ರೆ" ಎಂದು ಅಮ್ಮ ಒಂದು ದಿನ ಅಕ್ಕಿ ಆರಿಸುತ್ತ ನಿಟ್ಟುಸಿರುಬಿಟ್ಟಳು. ನಾನು ಅವಳ ಮುಖ ನೋಡಿದೆ. ಅವಳು ಸುಳ್ಳು ಹೇಳುತ್ತಿರಲಿಲ್ಲ.

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಅಪ್ಪ ಅದನ್ನೇ ಒಪ್ಪಿಸುತ್ತಿದ್ದರು. ಮಲ್ಲೇಶ್ವರದಿಂದ ಬಂದಿದ್ದ ಒಬ್ಬ ಹುಡುಗನ ತಾಯಿ ಉಪ್ಪಿಟ್ಟು ತಿಂದು ಮುಗಿಸಿ, ತಟ್ಟೆ ಕೆಳಗಿಟ್ಟು, ಮೂಗು ಮುರಿದು ಹೇಳಿದರು: "ಕಾಲು ಹೋಗ್ಲಿ ಬಿಡಿ, ದೇವರು ಕೊಟ್ಟಿದ್ದು. ಆದ್ರೆ ಹುಡುಗಿಗೆ ಗಮನ ಇಲ್ಲ ಅಂದ್ಮೇಲೆ ಸಂಸಾರ ಹೇಗೆ ತೂಗಿಸ್ತಾಳೆ?" ಕುಂಟಿ ಎನ್ನಿಸಿಕೊಳ್ಳಲು ನಾನು ತಯಾರಾಗಿದ್ದೆ, ಆದರೆ ಗಮನವಿಲ್ಲದವಳು ಎನ್ನಿಸಿಕೊಳ್ಳಲು ತಯಾರಿರಲಿಲ್ಲ. ಅಡುಗೆಮನೆಗೆ ಹೋಗಿ ಆ ತಟ್ಟೆಗಳನ್ನು ತೊಳೆಯುವಾಗ ತಮ್ಮ ಬಾಗಿಲಲ್ಲಿ ಬಂದು ನಿಂತ. ಹೇಳುತ್ತಾನೇನೋ ಎಂದು ನಲ್ಲಿ ನಿಲ್ಲಿಸಿದೆ. "ಅವರು ಹೋದ್ರಾ?" ಎಂದು ಕೇಳಿ ತನ್ನ ಪಾಡಿಗೆ ಹೋದ. ಆಮೇಲೆ ಬೇರೆ ಯಾರೂ ನೋಡಲು ಬರದಿರಲಿ ಎಂದು ನಾನೇ ಹಟ ಹಿಡಿದೆ, ಅಪ್ಪನೂ ಬೇಗನೆ ಒಪ್ಪಿಕೊಂಡರು.

ಟೈಪಿಂಗ್ ಕೈಬಿಡಲಿಲ್ಲ. ಗಾಂಧಿನಗರದಲ್ಲಿ ಸಿನಿಮಾ ಹಂಚಿಕೆದಾರರ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೊದಲ ಮಹಡಿ, ನನ್ನ ಮೇಜು ಕಿಟಕಿಗೆ ಅಂಟಿಕೊಂಡಂತೆ, ಕೆಳಗೆ ಒಂದು ಮೂಲೆ ರಸ್ತೆ. ಟೈಪ್ ಮಾಡುವುದು ಏನೂ ಇಲ್ಲದಾಗ ನಾನು ತಿರುಗುವವರ ಕತ್ತುಗಳನ್ನು ನೋಡುತ್ತಿದ್ದೆ. ಹನ್ನೆರಡು ವರ್ಷ ನೋಡಿದೆ. ಆ ಡ್ರೈವರ್ ಹೇಳಿದ್ದು ಅಕ್ಷರಶಃ ನಿಜ. ಎಡಕ್ಕೆ ತಿರುಗುವವನ ಕತ್ತು ಬಲಕ್ಕೇ ಇರುತ್ತದೆ. ದಾಟಲು ನಿಂತ ಮುದುಕಿ, ಪಕ್ಕದಲ್ಲೇ ನೆಟ್ಟಗೆ ಹೋಗುತ್ತಿರುವ ಸೈಕಲ್ಲಿನವನು, ಬುಟ್ಟಿ ಹೊತ್ತ ಹೆಂಗಸು, ಯಾರೂ ಅವನ ಕಣ್ಣಿಗಿಲ್ಲ. ಅವರು ಹಿಂದೆ ಹಾರಿ ಉಳಿದುಕೊಳ್ಳುತ್ತಾರೆ. ಉಳಿದುಕೊಂಡವರಿಗೇ ಅವನ ಬೈಗುಳ ಬೀಳುತ್ತದೆ. ತಪ್ಪಿ ಯಾವನಾದರೂ ಎಡಗಡೆ ನೋಡಿ, ನಿಂತು, ಹೋಗಿ ಎಂದು ತಲೆ ಆಡಿಸಿದ್ದನ್ನು ಕಂಡರೆ ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳುತ್ತಿದ್ದೆ. ಅಂಥ ಸಂಜೆಗಳು ಹೆಚ್ಚಿರಲಿಲ್ಲ.

ತಮ್ಮನಿಗೆ ಸರ್ಕಾರಿ ಕೆಲಸ ಸಿಕ್ಕಿತು. ವೆರಿಫಿಕೇಶನ್ನಿಗೆ ಬಂದ ಪೊಲೀಸಿನವನು ಹೊಸ್ತಿಲಲ್ಲೇ ನಿಂತು, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, "ಒಳ್ಳೆ ಹುಡುಗ ತಾನೇ?" ಎಂದು ಕೇಳಿ ಹೋದ. ಅಷ್ಟೇ. ಅದಕ್ಕಾಗಿ ನಾನು ಸಹಿ ಹಾಕಿದ್ದೆ. ಅಪ್ಪ ಮಾತ್ರ ಅವತ್ತು ರಾಜ್ಯ ಗೆದ್ದವರ ಹಾಗೆ ನನ್ನ ಕಡೆ ನೋಡಿದರು, ನಾನು ಕಾಲು ಎಳೆಯುತ್ತ ಒಳಗೆ ಹೋದೆ.

ಎಂಬತ್ತರ ದಶಕ ಬಂತು. ತಮ್ಮನಿಗೆ ಮದುವೆಯಾಯಿತು, ಮಗಳಾದಳು. ಹನುಮಂತನಗರದಲ್ಲಿ ಮನೆ ಮಾಡಿ ಎಲ್ಲರೂ ಅಲ್ಲಿಗೆ ಹೋದೆವು. ವರ್ಷಗಟ್ಟಲೆ ಕಾದ ಮೇಲೆ ಬುಕ್ ಮಾಡಿದ್ದ ಸ್ಕೂಟರ್ ಕೈಗೆ ಬಂತು. ಅದಕ್ಕೆ ಕುಂಕುಮ ಹಚ್ಚಿ ನಿಂಬೆಹಣ್ಣಿನ ಮೇಲೆ ಹತ್ತಿಸಿದ್ದಾಯಿತು. ಆ ಹೊತ್ತಿಗೆ ಡಬಲ್ ರೈಡಿಂಗ್ ಎನ್ನುವ ಮಾತೇ ಊರಿನಲ್ಲಿ ಕೇಳಿಬರುತ್ತಿರಲಿಲ್ಲ. ಕೆಲವು ಮುದುಕರು, ಕೆಲವು ಹೆದರುಪುಕ್ಕಲರು ಮಾತ್ರ ಹಳೆಯ ಅಭ್ಯಾಸ ಬಿಡದೆ ಸರ್ಕಲ್ಲಿಗೆ ಮುಂಚೆ ಹಿಂದಿನವರನ್ನು ಇಳಿಸುತ್ತಿದ್ದರು.

ಒಂದು ದಿನ ತಮ್ಮನ ಮಗಳು, ಐದು ವರ್ಷದವಳು, ಮನೆಯ ಮುಂದಿನ ರಸ್ತೆಗೆ ಚೆಂಡಿನ ಹಿಂದೆ ಓಡಿದಳು. ತಮ್ಮ ಅವಳನ್ನು ಎಳೆದು ತಂದು ಜಗುಲಿಯ ಮೇಲೆ ಕೂರಿಸಿ ಬೆರಳು ಆಡಿಸುತ್ತ ಹೇಳಿದ: "ನೋಡ್ಕೊಂಡು ದಾಟ್ಬೇಕು ಅಂತ ಎಷ್ಟು ಸಲ ಹೇಳಿದೀನಿ? ನೋಡದೆ ದಾಟಿದ್ರೆ ಏನಾಗುತ್ತೆ? ಅತ್ತೆ ಕಾಲು ನೋಡು."

ಮಗು ನನ್ನ ಕಾಲನ್ನು ನೋಡಿತು. ನಾನು ಹುರುಳಿಕಾಯಿ ಬಿಡಿಸುತ್ತ ಅಲ್ಲೇ ಕೂತಿದ್ದೆ. ತಮ್ಮನ ಮುಖದಲ್ಲಿ ಅಳುಕಿಲ್ಲ, ನನ್ನ ಕಡೆ ಒಂದು ಕಳ್ಳನೋಟವಿಲ್ಲ. ಒಳ್ಳೆಯ ತಂದೆ ಮಗಳಿಗೆ ಬುದ್ಧಿ ಹೇಳುತ್ತಿದ್ದ. ಆಗ ನನಗೆ ಮೊದಲ ಸಲ ನಿಜವಾದ ಭಯ ಹತ್ತಿತು. ಇವನು ಮುಚ್ಚಿಟ್ಟಿದ್ದಾನೆ, ಒಳಗೇ ಕೊರಗುತ್ತಿದ್ದಾನೆ, ಒಂದಲ್ಲ ಒಂದು ದಿನ ಬಾಯಿ ಬಿಡುತ್ತಾನೆ ಎಂದು ನಾನು ಇಷ್ಟು ವರ್ಷ ಕಾದಿದ್ದೆ. ಅವನ ಒಂದು ಮಾತು ಸಾಕಾಗಿತ್ತು ನನಗೆ, ಜಗತ್ತಿಗೆ ಹೇಳಬೇಕಾಗಿರಲಿಲ್ಲ, ನನಗೊಬ್ಬಳಿಗೆ ಹೇಳಿದ್ದರೆ ಆಗುತ್ತಿತ್ತು. "ನಾನು ಇಳಿ ಅಂದೆ ಅಕ್ಕ" ಎಂದಿದ್ದರೆ ಸಾಕು. ನಾನು ಹುರುಳಿಕಾಯಿ ಬಿಡಿಸುತ್ತಲೇ ಇದ್ದೆ.

ಕೆಲವು ತಿಂಗಳ ನಂತರ ಚಾಮರಾಜಪೇಟೆಯ ಹಳೆಯ ವಠಾರದವರ ಮನೆಯಲ್ಲಿ ಒಂದು ನಾಮಕರಣವಿತ್ತು. ಊಟ ಮುಗಿಸಿ ತಮ್ಮನ ಸ್ಕೂಟರಿನಲ್ಲಿ ಹೊರಟೆ. ಅದೇ ರಸ್ತೆ, ಅದೇ ದಿಕ್ಕು. ಹೆಂಗಸರು ಸ್ಕೂಟರಿನಲ್ಲಿ ಕೂರುವ ಹಾಗೆ ನಾನೂ ಎಡಗಡೆಗೆ ಮುಖ ಮಾಡಿ ಪಕ್ಕಕ್ಕೆ ಕೂತಿದ್ದೆ. ಅಂದರೆ ಓಡಿಸುವವನು ನೋಡದ ಕಡೆಯೇ ನನ್ನ ಕಣ್ಣಿತ್ತು.

ಸರ್ಕಲ್ಲು ಹತ್ತು ಮಾರು ದೂರವಿದ್ದಾಗ ನಮ್ಮ ಮುಂದೆ ಒಂದು ಸೈಕಲ್ಲು ನಿಧಾನವಾಯಿತು. ಹಿಂದಿನಿಂದ ಒಬ್ಬ ಹುಡುಗಿ ಇಳಿದಳು. ಲಂಗ ದಾವಣಿ, ಕೈಯಲ್ಲಿ ಪುಸ್ತಕ. ತುಳಿಯುತ್ತಿದ್ದವರು ತಲೆ ನರೆತ ಗಂಡಸು, ತಂದೆಯಿರಬೇಕು, ಹಿಂತಿರುಗದೆ ಮುಂದೆ ಹೋದರು. ನಾನು ಛತ್ರಿಯ ಕಡೆ ನೋಡಿದೆ. ಛತ್ರಿಯೂ ಇರಲಿಲ್ಲ, ಕಟ್ಟೆಯನ್ನು ಯಾವಾಗಲೋ ಕಿತ್ತುಹಾಕಿದ್ದರು. ತಮ್ಮ ಎಡಗಡೆಯ ಅಡ್ಡರಸ್ತೆಗೆ ತಿರುಗಿಸಲು ಶುರು ಮಾಡಿದ. ಅವನ ಕತ್ತು ಬಲಕ್ಕಿತ್ತು. ಹುಡುಗಿ ಅಡ್ಡರಸ್ತೆಯ ಬಾಯಲ್ಲಿ ಕಾಲಿಟ್ಟಳು. ನನಗೆ ಅವಳ ಮುಖ ಒಂದು ಕೈಯಳತೆಯಲ್ಲಿ ಕಂಡಿತು. ನಾನು ಅವನ ಬೆನ್ನಿಗೆ ಗುದ್ದಿದೆ.

ಬ್ರೇಕು ಹಿಡಿಯಿತು. ಹುಡುಗಿಗೆ ತಾಗಲಿಲ್ಲ. ಅವಳ ಪುಸ್ತಕ ಕೆಳಗೆ ಬಿತ್ತು, ಅವಳು ಅದನ್ನು ಎತ್ತಿಕೊಳ್ಳಲೂ ತೋಚದೆ ನಿಂತಳು.

"ಕಣ್ಣು ಕಾಣಲ್ವೇನಮ್ಮ? ನೋಡ್ಕೊಂಡು ದಾಟಕ್ಕಾಗಲ್ವಾ?" ತಮ್ಮ ಅವಳ ಮೇಲೆ ಹರಿಹಾಯ್ದ. "ಏಕಾಏಕಿ ರೋಡಿಗೆ ಬಂದ್ಬಿಡ್ತೀರಲ್ಲ."

ಏಕಾಏಕಿ. ದಫೇದಾರರು ದುಂಡಗೆ ಬರೆದ ಪದ. ಹುಡುಗಿ ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ ಪುಸ್ತಕ ಎತ್ತಿಕೊಂಡು, ಸಾರಿ ಎಂದು ಗೊಣಗಿ ಆಚೆ ನಡೆದಳು. ನನಗೆ ಅವಳನ್ನು ಹಿಡಿದು ನಿಲ್ಲಿಸಿ, ಸಾರಿ ಹೇಳಬೇಡ ಕಣೆ, ಯಾವ ಕಾಗದಕ್ಕೂ ಸಹಿ ಹಾಕಬೇಡ ಎಂದು ಕೂಗಬೇಕೆನ್ನಿಸಿತು.

"ಇಲ್ಲೇ ನಿಲ್ಸು" ಅಂದೆ. "ಇಳೀತೀನಿ."

"ಇಲ್ಲ್ಯಾಕೆ ಇಳೀತೀಯ? ಅವಳಿಗೇನೂ ಆಗ್ಲಿಲ್ವಲ್ಲ."

ನಾನು ಇಳಿದೆ. ಇಳಿದು ಅವನ ಮುಂದೆ ಬಂದು ನಿಂತೆ. ಹದಿನಾಲ್ಕು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ ಮಾತು. ಅಂದು ನಗುತ್ತ ಹೇಳಬೇಕೆಂದಿದ್ದೆ, ಈಗ ನಗು ಬರಲಿಲ್ಲ.

"ಅವತ್ತು ಇಲ್ಲಿ ಪೊಲೀಸಿನವನೇ ಇರ್ಲಿಲ್ಲ ಕಣೋ" ಅಂದೆ. "ನೀನು ಇಳಿ ಅಂದಾಗ."

ಅವನು ನನ್ನ ಮುಖ ನೋಡಿದ. ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದ. ಅವನ ಕಣ್ಣಿನಲ್ಲಿ ನಾನು ಹುಡುಕಿದೆ, ಎಲ್ಲಾದರೂ ಒಂದು ಮೂಲೆಯಲ್ಲಿ ಆ ಬೀಗದ ಕೈ ಸಿಕ್ಕೀತೇನೋ ಎಂದು.

"ಯಾವತ್ತು?" ಅಂದ.

ಹಿಂದೆ ನಿಂತ ಆಟೋದವನು ಹಾರನ್ ಹೊಡೆಯಲು ಶುರು ಮಾಡಿದ. ತಮ್ಮನಿಗೆ ಗಲಿಬಿಲಿಯಾಯಿತು, ಕಿಕ್ ಹೊಡೆದು ಸ್ಕೂಟರ್ ಚಾಲು ಮಾಡಿಕೊಂಡ. "ಸರಿ, ದಾಟ್ಕೊಂಡು ಬಾ, ಮುಂದೆ ನಿಂತಿರ್ತೀನಿ" ಎಂದು ಹೇಳಿ, ಬಲಗಡೆ ಒಮ್ಮೆ ನೋಡಿ, ಎಡಕ್ಕೆ ತಿರುಗಿಸಿಕೊಂಡು ಹೋದ.